ರೋಗಶಯ್ಯೆಯಲ್ಲಿ ದೊರೆತ ಸಮಾಧಾನ

ಕಾಲು ಮುರಿದು ಹಾಸಿಗೆ ಹಿಡಿದವನ ಕಷ್ಟವು ನೋವೊಂದರಿಂದಲೇ ಆದುದಲ್ಲ. ನೋವು ಬರುವುದು, ಹೋಗುವುದು. ಹೊತ್ತು ಮಾತ್ರ ಕದಲುವುದಿಲ್ಲ. ಮನೆಯವರೆಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ತೆರಳಿದ ಮೇಲೆ, ತೊಲೆ ಜಂತೆಗಳನ್ನು ಎಣಿಸುತ್ತ ಮಲಗಿರುವವನ ಮನಸ್ಸು ಎಲ್ಲೆಲ್ಲಿಯೋ ಅಲೆಯುವುದು. ಹಾಗೆ ಅಲೆದ ಮನಸ್ಸೊಂದು ಕ್ರಿಸ್ತನಲ್ಲಿ ನೆಲೆಯನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ವಾಚಕರ ಮುಂದಿಡುವೆವು. ಇದು ಐದುನೂರು ವರ್ಷಗಳ ಹಿಂದೆ ಸ್ಪೇನ್ ದೇಶದಲ್ಲಿ ನಡೆದ ವೃತ್ತಾಂತವು.

ಆ ದೇಶದ ಉತ್ತರಭಾಗದಲ್ಲಿರುವ ಬಾಸ್ಕ್ ಜನರ ನಾಡಿನಲ್ಲಿ, ಲೊಯೋಲಾ ಎಂಬ ಕೋಟೆಮನೆಯಲ್ಲಿ, 1491ರಲ್ಲಿ ಇನಿಗೊ ಎಂಬ ಬಾಲಕನು ಜನಿಸಿದನು. ಬೆಳೆದಂತೆ ಇವನಿಗೆ ಉಡುಗೆತೊಡುಗೆಗಳಲ್ಲಿಯೂ ಕತ್ತಿವರಸೆಯಲ್ಲಿಯೂ ಆಸಕ್ತಿ, ಕೀರ್ತಿಯೆಂದರೆ ಪ್ರಾಣ. 1521ರ ಮೇ ತಿಂಗಳಿನಲ್ಲಿ ಫ್ರೆಂಚರ ಸೈನ್ಯವು ಪಾಂಪ್ಲೋನಾ ಕೋಟೆಯನ್ನು ಮುತ್ತಿದಾಗ, ಶರಣಾಗುವುದೇ ಲೇಸೆಂದು ಇತರರು ಹೇಳಿದರೂ ಇವನು ಒಪ್ಪಲಿಲ್ಲ. ಫಿರಂಗಿಯ ಗುಂಡೊಂದು ಇವನ ಒಂದು ಕಾಲನ್ನು ಮುರಿದು ಮತ್ತೊಂದನ್ನು ಗಾಯಗೊಳಿಸಿತು. ಇವನು ಬಿದ್ದೊಡನೆ ಕೋಟೆಯೂ ಬಿದ್ದಿತು. ಗೆದ್ದವರೇ ಇವನನ್ನು ಉಪಚರಿಸಿ, ಸುಮಾರು ಎರಡು ವಾರಗಳ ತರುವಾಯ ಡೋಲಿಯಲ್ಲಿ ಮಲಗಿಸಿ ಮನೆಗೆ ಕಳುಹಿದರು.

ಮೂಳೆಗಳು ಸರಿಯಾಗಿ ಕೂಡಿರಲಿಲ್ಲವಾದುದರಿಂದ ವೈದ್ಯರು ಅವನ್ನು ಪುನಃ ಮುರಿದು ಕೂಡಿಸಿದರು. ನೋವನ್ನು ಮರೆಸುವ ಔಷಧವಿಲ್ಲದ ಕಾಲವದು. ಇನಿಗೊ ಮುಷ್ಟಿಗಳನ್ನು ಬಿಗಿಹಿಡಿದನೇ ಹೊರತು ಬಾಯಿ ಬಿಡಲಿಲ್ಲ. ದೇಹಸ್ಥಿತಿಯು ಕೆಟ್ಟು, ಸಂತ ಪೇತ್ರ ಪೌಲರ ಹಬ್ಬದ ಮುನ್ನಾದಿನ, ನಡುರಾತ್ರಿಯೊಳಗೆ ಗುಣ ಕಾಣದಿದ್ದರೆ ಆಸೆಯಿಲ್ಲವೆಂದು ವೈದ್ಯರು ನುಡಿದರು. ಆ ರಾತ್ರಿಯೇ ರೋಗವು ಇಳಿಮುಖವಾಯಿತು.

ಪ್ರಾಣವು ಉಳಿಯಿತು, ಬುದ್ಧಿಯು ಬದಲಾಗಲಿಲ್ಲ. ಮೊಣಕಾಲಿನ ಕೆಳಗೆ ಮೂಳೆಯೊಂದು ಉಬ್ಬಿ ನಿಂತಿತ್ತು. ಬಿಗಿಯಾದ ಬೂಟುಗಳನ್ನು ತೊಡಲು ಅದು ಅಡ್ಡಿಯಾಗುವುದೆಂದು, ಬರಿಯ ಅಂದಕ್ಕಾಗಿ ಅದನ್ನು ಕೊಯ್ಯಿಸಿಕೊಂಡನು! ಗಿಡ್ಡಾದ ಕಾಲನ್ನು ಉದ್ದಮಾಡಲು ಅನೇಕ ದಿನ ಅದನ್ನು ಎಳೆದು ಕಟ್ಟಿದರು. ಆದರೂ ಜೀವಮಾನವೆಲ್ಲ ಕುಂಟುವುದು ತಪ್ಪಲಿಲ್ಲ.

ಬೇಸರ ಕಳೆಯಲು ಅವನು ವೀರರ ಸಾಹಸಕಥೆಗಳನ್ನು ಕೇಳಿದನು. ಅಣ್ಣ ಅತ್ತಿಗೆಯರ ಆ ಮನೆಯಲ್ಲಿ ಅಂತಹದೊಂದೂ ಇರಲಿಲ್ಲ. ಇದ್ದುದು ಸ್ಯಾಕ್ಸನಿಯ ಲುಡಾಲ್ಫನೆಂಬ ಸನ್ಯಾಸಿಯು ಬರೆದ ಕ್ರಿಸ್ತಚರಿತ್ರೆ ಮತ್ತು ಸಂತರ ಚರಿತ್ರೆಗಳ ಒಂದು ಸಂಪುಟ. ಬೇರೆ ಗತಿಯಿಲ್ಲದೆ ಓದತೊಡಗಿದನು.

ಓದುವುದನ್ನು ನಿಲ್ಲಿಸಿದಾಗ ಅವನ ಮನಸ್ಸು ಎರಡು ದಾರಿಗಳಲ್ಲಿ ಹರಿಯುತ್ತಿತ್ತು. ಉನ್ನತ ಕುಲದ ಸ್ತ್ರೀಯೊಬ್ಬಳ ಮೆಚ್ಚುಗೆಗಾಗಿ ತಾನು ಮಾಡಬಹುದಾದ ಸಾಹಸಗಳನ್ನು ಗಂಟೆಗಟ್ಟಲೆ ಕಲ್ಪಿಸಿಕೊಳ್ಳುವನು. ಮತ್ತೊಮ್ಮೆ, ಸಂತ ಫ್ರಾನ್ಸಿಸನಂತೆ, ಸಂತ ಡೊಮಿನಿಕನಂತೆ ತಾನೂ ಬಾಳಿದರೇನೆಂದು ಯೋಚಿಸುವನು. ಎರಡೂ ಆ ಹೊತ್ತಿಗೆ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರಗೊಳ್ಳುವುದು. ಎರಡನೆಯದು ಮುಗಿದ ಮೇಲೆಯೂ ಸಂತೋಷವು ಉಳಿದಿರುವುದು. ಬಹು ದಿನಗಳವರೆಗೆ ಅವನು ಇದನ್ನು ಗಮನಿಸಲೇ ಇಲ್ಲ. ಒಂದು ದಿನ ಕಣ್ಣು ಸ್ವಲ್ಪ ತೆರೆಯಿತು. ಉಳಿಯುವ ಸಮಾಧಾನವು ದೇವರಿಂದ ಬಂದುದೆಂದು ಅವನು ತಿಳಿದುಕೊಂಡನು. ಕ್ರಿಸ್ತನ ನುಡಿಗಳನ್ನು ಕೆಂಪು ಮಸಿಯಲ್ಲಿಯೂ ಮಾತೆ ಮರಿಯಳ ನುಡಿಗಳನ್ನು ನೀಲಿ ಮಸಿಯಲ್ಲಿಯೂ ಬರೆದಿಟ್ಟುಕೊಂಡನು. ರಾತ್ರಿ ನಕ್ಷತ್ರಗಳನ್ನು ನೋಡುತ್ತ ಬಹಳ ಹೊತ್ತು ಕುಳಿತಿರುವನು.

1522ರಲ್ಲಿ ಮನೆಯನ್ನು ಬಿಟ್ಟು, ಮೊಂಟ್‌ಸೆರಾಟ್ ಬೆಟ್ಟದ ದೇವಾಲಯದಲ್ಲಿ ತನ್ನ ಕತ್ತಿಯನ್ನು ಒಪ್ಪಿಸಿದನು. ಅಲ್ಲಿಗೆ ಎಲ್ಲವೂ ಸುಗಮವಾಯಿತೆಂದು ಭಾವಿಸಬಾರದು. ಮಾನ್ರೇಸಾ ಎಂಬ ಊರಿನಲ್ಲಿ ತನ್ನ ಪಾಪಗಳ ಚಿಂತೆಯು ಅವನನ್ನು ಪ್ರಾಣತ್ಯಾಗದ ಯೋಚನೆಯವರೆಗೂ ಎಳೆಯಿತು. ಹಾಸಿಗೆಯ ಮೇಲೆ ಕಲಿತ ವಿವೇಕವೇ, ಯಾವ ಯೋಚನೆಯು ಎಲ್ಲಿಗೆ ಒಯ್ಯುವುದೆಂದು ನೋಡುವುದೇ, ಅವನನ್ನು ಅಲ್ಲಿಯೂ ಕಾಪಾಡಿತು. ಮುಂದೆ ಮೂವತ್ತು ದಾಟಿದ ವಯಸ್ಸಿನಲ್ಲಿ ಹುಡುಗರೊಡನೆ ಕುಳಿತು ಲ್ಯಾಟಿನ್ ಕಲಿತನು. ಇಗ್ನೇಷಿಯಸ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿ, ಸಂಗಡಿಗರೊಡನೆ ಯೇಸುಸಭೆಯನ್ನು ಕಟ್ಟಿದನು. 1540ರಲ್ಲಿ ಅದಕ್ಕೆ ಪೋಪರ ಅನುಮತಿಯು ದೊರೆಯಿತು. 1556ರಲ್ಲಿ ರೋಮಿನಲ್ಲಿ ತೀರಿಕೊಂಡನು. ಮಂಗಳೂರಿನಲ್ಲಿ 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜನ್ನು ಆರಂಭಿಸಿದವರು ಈ ಸಭೆಯವರೇ.

ನಮ್ಮ ಮನೆಗಳಲ್ಲಿಯೂ ಬಿದ್ದು ಮಲಗಿದವರು ಇರುವುದುಂಟು. ಔಷಧ ಪಥ್ಯಗಳನ್ನು ನಾವು ತಪ್ಪದೆ ನೋಡಿಕೊಳ್ಳುವೆವು. ಆ ದೀರ್ಘವಾದ ಹಗಲುಗಳಲ್ಲಿ ಅವರ ಮನಸ್ಸು ಏನನ್ನು ಉಣ್ಣುತ್ತಿರುವುದೆಂದು ವಿಚಾರಿಸುವವರು ವಿರಳ. ಲೊಯೋಲಾದ ಆ ಮನೆಯವರು ಕೇಳಿದ ಪುಸ್ತಕವನ್ನು ಕೊಡಲಾರದೆ, ಇದ್ದುದನ್ನು ಕೊಟ್ಟರು. ಅವನ ಕಾಲು ಸರಿಹೋಗಲಿಲ್ಲ. ಆದರೆ ಅವನು ಕುಂಟುತ್ತಲೇ ನಡೆಯಬಲ್ಲ ದಾರಿಯೊಂದು ತೆರೆಯಿತು.