‘ಪಕಿಶ್’ ಎಂಬ ಮಾತು

ತುಂಟತನವನ್ನು ಸೂಚಿಸುವ ಇಂಗ್ಲಿಷ್ ವಿಶೇಷಣಗಳಲ್ಲಿ ‘ಪಕಿಶ್’ ಎಂಬುದೊಂದುಂಟು. ಕೇಳಿದೊಡನೆ ನಮ್ಮವರಿಗೆ ಪಕ್ಕಿಯ ನೆನಪಾದೀತು. ಆದರೆ ಹಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ‘ಕುಚೇಷ್ಟೆಯುಳ್ಳ’ ಎಂದು ಅರ್ಥ ಬರೆದುಕೊಂಡರೆ ಸಾಕೆಂದು ನಾವೂ ಒಮ್ಮೆ ಭಾವಿಸಿದ್ದೆವು. ಅದು ಸಾಲದು. ‘ಕು’ ಎಂದೊಡನೆ ಕೆಡುಕು ಬಂದಿತು. ಪಕಿಶ್ ಎಂಬುದರಲ್ಲಿ ಕೆಡುಕಿಲ್ಲ.

ಮೂಲದಲ್ಲಿ ಮಾತ್ರ ಇತ್ತು. ಹಳೆಯ ಇಂಗ್ಲಿಷಿನ ‘ಪೂಕ’ ಎಂದರೆ ಕಾಟ ಕೊಡುವ ಭೂತ. ಐರಿಷ್ ಮತ್ತು ವೆಲ್ಷ್ ನುಡಿಗಳಲ್ಲಿಯೂ ಇದರ ನಂಟಿನ ಮಾತುಗಳಿವೆ. ಯಾರಿಂದ ಯಾರು ಪಡೆದರೆಂಬ ವಾದವು ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ನಡುಗಾಲದ ಇಂಗ್ಲಿಷಿನಲ್ಲಿ ಅದು ಸೈತಾನನಿಗೇ ಹೆಸರಾಗಿದ್ದಿತು. ಸುಮಾರು 1595-96ರಲ್ಲಿ ಷೇಕ್ಸ್‌ಪಿಯರನು ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಆ ಭೂತವನ್ನು ‘ಪಕ್’ ಎಂಬ ಹೆಸರಿನಿಂದ ರಂಗಕ್ಕೆ ತಂದನು. ಈ ಪಕ್ಕನು ಹಾಲಿನ ಕೆನೆ ಕದಿಯುವನು, ಬೆಣ್ಣೆ ಬಾರದಂತೆ ಮಾಡುವನು, ಮುದುಕಿಯು ಕೂಡುವ ಮಣೆಯಾಗಿ ನಿಂತು ಸರಕ್ಕನೆ ಸರಿದುಬಿಡುವನು. ಮುದುಕಿ ಬಿದ್ದಳು, ನೆರೆದವರು ನಕ್ಕರು. ಭಯವು ನಗೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ಹೆಸರಿನಿಂದಲೇ ‘ಪಕಿಶ್’ ಎಂಬ ವಿಶೇಷಣವು ಹುಟ್ಟಿತು.

ಇಂಥವನನ್ನು ಕಾಣಲು ನಾವು ಇಂಗ್ಲೆಂಡಿಗೆ ಹೋಗಬೇಕಾದುದಿಲ್ಲ. ಬಳ್ಳಾರಿಯ ಸೀಮೆಯ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನಿದ್ದಾನೆ. ಕರಿಯ ಮೈ, ಕೆದರಿದ ಕೂದಲು, ಡೊಳ್ಳುಹೊಟ್ಟೆ, ಜೊತೆಗೆ ಬಂಗಾರಕ್ಕ. ದೀಪದ ಮುಂದೆ ಪರದೆಯ ಮೇಲೆ ರಾಮರಾವಣರ ಗಂಭೀರ ಪ್ರಸಂಗವು ನಡೆಯುತ್ತಿರಲು, ನಡುವೆ ಇವನು ನುಗ್ಗಿ ಬಾಯಿಗೆ ಬಂದುದನ್ನು ಆಡಿಬಿಡುವನು. ಅವನ ಮಾತು ಕೆಲವೊಮ್ಮೆ ಸಭ್ಯತೆಯ ಗೆರೆಯನ್ನು ದಾಟುವುದೂ ಉಂಟು. ಗಾಂಧೀಜಿಯವರ ಚರಿತ್ರೆಯನ್ನೂ ತೊಗಲುಗೊಂಬೆಗಳಿಂದ ಆಡಿಸಿ ತೋರಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು; ಈ ಕಲೆಯನ್ನು ಹೊರನಾಡುಗಳವರೆಗೆ ಒಯ್ದವರು ಅವರು.

ಹಾಗಾದರೆ ಪಕಿಶ್ ಎಂಬುದಕ್ಕೆ ಕನ್ನಡವೇನು? ‘ಕಿಡಿಗೇಡಿ’ ಎನ್ನಲಾಗದು; ಕಿಡಿಗೇಡಿಯು ಬಣವೆಗೆ ಬೆಂಕಿಯಿಡುವವನು. ಸಿರುಗುಪ್ಪ, ಕುರುಗೋಡುಗಳ ಕಡೆ ತಾಯಿಯು ಮಗನನ್ನು ‘ಉಡಾಳ’ ಎಂದು ಗದರಿಸಿದರೆ ಆ ದನಿಯಲ್ಲಿ ಮುದ್ದೂ ಇರುತ್ತದೆ. ಅದೇ ಮಾತನ್ನು ಬೆಳೆದ ಗಂಡಸಿಗೆ ಅಂದರೆ ಬೈಗುಳವಾಗುತ್ತದೆ. ‘ತುಂಟ’ ಎಂಬುದೇ ಹೊಂದುತ್ತದೆಂದು ನಮ್ಮ ಅಭಿಪ್ರಾಯ. ಇದು ಬರಿಯ ನಿಘಂಟಿನ ಮಾತಲ್ಲ. ಪಾಠಶಾಲೆಯ ಹುಡುಗನೊಬ್ಬನು ಕಿಟಕಿಯಲ್ಲಿ ಇಣುಕಿ ನಕ್ಕುದಕ್ಕೆ ಉಪಾಧ್ಯಾಯರು ‘ತುಂಟ’ ಎಂದರೆ ಅವನು ಮರುದಿನವೂ ನಗುತ್ತಲೇ ಬರುವನು. ‘ದುಷ್ಟ’ ಎಂದರೆ ಬರುವನೋ ಇಲ್ಲವೋ.

ಆದುದರಿಂದ ‘ಪಕಿಶ್ ನಗೆ’ ಎಂದಿರುವಲ್ಲಿ ನಾವು ‘ತುಂಟನಗೆ’ ಎಂದೇ ಬರೆಯುತ್ತೇವೆ. ಬಳ್ಳಾರಿಯ ವಾಚಕರಿಗಾಗಿ ಬರೆಯುವಾಗ ‘ಕಿಳ್ಳೇಕ್ಯಾತನ ನಗೆ’ ಎನ್ನಲು ಆಸೆಯಾಗುವುದುಂಟು. ಆದರೆ ಆ ಗೊಂಬೆಯ ಹೆಸರು ಅದನ್ನು ಆಡಿಸುವ ಜನರ ಕುಲಕ್ಕೂ ಹೆಸರಾಗಿ ನಿಂತಿದೆ; ಅದನ್ನು ನೆನೆದು ಲೇಖನಿಯನ್ನು ತಡೆಯುತ್ತೇವೆ.