ರಾತ್ರಿ ಹೊತ್ತು ಹಿಮಾಲಯ ಹತ್ತುವ ಹೆಬ್ಬಾತು

ಮಾರ್ಚ್ ಬಂತೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಸುತ್ತ ಬಿಸಿಲು ಚುರುಗುಟ್ಟತೊಡಗುತ್ತದೆ. ಚಳಿಗಾಲವಿಡೀ ಹಗಲು ಕೆರೆಯಲ್ಲಿ ತೇಲುತ್ತ, ಹೊತ್ತು ಮುಳುಗಿದ ಮೇಲೆ ಹೊಲಗಳಿಗಿಳಿದು ಶೇಂಗಾ, ಕಡಲೆ ಮೇಯ್ದ ಪಟ್ಟೆತಲೆ ಹೆಬ್ಬಾತುಗಳು ಆಗ ಗುಂಪು ಗುಂಪಾಗಿ ಉತ್ತರಕ್ಕೆ ಹೊರಡುತ್ತವೆ. ಮರಿ ಮಾಡಲು ಅವು ಹೋಗುವುದು ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಿಗೆ. ಅಲ್ಲಿ ವಸಂತದ ಆರಂಭವನ್ನು ನಂಬುವಂತಿಲ್ಲ. ಸುಮಾರು 3,200 ಮೀಟರ್ ಎತ್ತರದ ಚಿಂಗ್‌ಹಾಯ್ ಸರೋವರದಲ್ಲಿ ಮಾರ್ಚ್‌ನಲ್ಲೂ ನೀರು ಹೆಪ್ಪುಗಟ್ಟಿರುತ್ತದೆ. ಒಂದೆರಡು ದಿನ ಬಿಸಿಲು ಕಂಡ ಬೆನ್ನಿಗೇ ಮತ್ತೆ ಹಿಮ ಸುರಿಯಬಹುದು.

ಎರಡು ಮೂರು ಕಿಲೋ ತೂಗುವ ಈ ಹಕ್ಕಿ ಕಟ್ಟಿಕೊಂಡು ಹೋಗುವ ಬುತ್ತಿಯೆಂದರೆ ಮೈಯೊಳಗಿನ ಕೊಬ್ಬು. ಪಿಷ್ಟಕ್ಕೆ ಹೋಲಿಸಿದರೆ ಒಂದು ಗ್ರಾಂ ಕೊಬ್ಬಿನಿಂದ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಸಿಗುತ್ತದೆ, ಜೊತೆಗೆ ಅದು ಕರಗುವಾಗ ನೀರೂ ಹುಟ್ಟುತ್ತದೆ. ನಮ್ಮ ಹೊಲಗಳ ಕಾಳು ಹೀಗೆ ಹಿಮಾಲಯದಾಚೆಗೂ ಉಪಯೋಗಕ್ಕೆ ಬರುತ್ತದೆ.

ನಿಜವಾದ ಜಾಣತನ ಕಾಣುವುದು ಪರ್ವತದ ಬುಡದಲ್ಲಿ. ಹಗಲು ಬಿಸಿಲಿಗೆ ಕಾದ ಇಳಿಜಾರುಗಳಲ್ಲಿ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ಆ ಗಾಳಿಯ ಬೆನ್ನೇರಿಯೇ ಹೆಬ್ಬಾತುಗಳು ಮೇಲೇರುತ್ತವೆ ಎಂದು ಊಹಿಸುವುದು ಸಹಜ. ಉಪಗ್ರಹದ ಮೂಲಕ ಹಕ್ಕಿಗಳ ಜಾಡು ಹಿಡಿದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ಹಕ್ಕಿಗಳು ಹೆಚ್ಚಾಗಿ ಹಾರಿದ್ದು ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಣ್ಣಗಾಗಿ ಶಾಂತವಾದಾಗ. ತಂಪು ಗಾಳಿ ಹೆಚ್ಚು ಸಾಂದ್ರ. ರೆಕ್ಕೆಗೆ ಹೆಚ್ಚು ಆಸರೆ, ಪ್ರತಿ ಉಸಿರಿಗೆ ತುಸು ಹೆಚ್ಚು ಆಮ್ಲಜನಕ. ಹಗಲಿನ ಪುಕ್ಕಟೆ ಗಾಳಿಯೊಂದಿಗೆ ಬರುವ ಸುಳಿ, ಬಿರುಗಾಳಿಗಳ ಅಪಾಯವೂ ತಪ್ಪುತ್ತದೆ. ಬಯಲಿನಿಂದ ಪರ್ವತದ ನೆತ್ತಿಯವರೆಗಿನ ಏರನ್ನು ಸುಮಾರು ಎಂಟು ಗಂಟೆಗಳಲ್ಲಿ, ಬರೀ ರೆಕ್ಕೆಯ ಬಲದಿಂದ, ಅವು ಮುಗಿಸುತ್ತವೆ.

ಎವರೆಸ್ಟ್ ಮೇಲೆಯೇ ಹಾರುತ್ತವೆಂಬ ಮಾತು ಬಹಳ ಕಾಲದಿಂದ ಇದೆ. ಆದರೆ ಹೀಗೆ ಜಾಡು ಹಿಡಿದ ಅಧ್ಯಯನಗಳಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ. ಅವು ನೆಲದ ಏರಿಳಿತವನ್ನೇ ಅನುಸರಿಸಿ, ಕಷ್ಟಪಟ್ಟು ಏರಿದ ಎತ್ತರವನ್ನು ಬಿಟ್ಟುಕೊಟ್ಟು ಕಣಿವೆಗಿಳಿದು, ಮತ್ತೆ ಏರುತ್ತವೆ. 2015ರ ಅಧ್ಯಯನ ಇದರ ಕಾರಣ ತೋರಿಸಿತು: ರೆಕ್ಕೆಬಡಿತ ಶೇ. 5ರಷ್ಟು ಹೆಚ್ಚಿದರೆ ಬೇಕಾಗುವ ಶಕ್ತಿ ಶೇ. 41ರಷ್ಟು ಏರುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆ ಬೇಗ ಬೇಗ ಬಡಿಯಲೇಬೇಕು. ಆದ್ದರಿಂದ ಕೆಳಗಿಳಿಯುವುದೇ ಲಾಭ.

5,500 ಮೀಟರ್ ಎತ್ತರದಲ್ಲಿ ಸಿಗುವ ಆಮ್ಲಜನಕ ಕಡಲಮಟ್ಟದ ಅರ್ಧದಷ್ಟು. ಈ ಹಕ್ಕಿಯ ಹಿಮೋಗ್ಲೋಬಿನ್ ಅದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮುಂದೆ ಗಗನಯಾತ್ರಿಯಾದ ಜೆಸಿಕಾ ಮೀರ್ ಹೆಬ್ಬಾತು ಮರಿಗಳನ್ನು ತಾಯಿಯಂತೆ ಸಾಕಿ, ಮುಖಕ್ಕೆ ಪುಟ್ಟ ಮುಸುಕು ತೊಡಿಸಿ, ಕೆನಡಾದ ಗಾಳಿಸುರಂಗದಲ್ಲಿ ಹಾರಿಸಿದರು. ಆಮ್ಲಜನಕ ಕಡಿಮೆಯಾದಾಗ ಹಕ್ಕಿಗಳು ಶಕ್ತಿಯ ಖರ್ಚು ತಗ್ಗಿಸಿದವು. ರಕ್ತನಾಳಗಳಲ್ಲಿನ ರಕ್ತ ತಣ್ಣಗಾಯಿತು. ತಣ್ಣನೆಯ ರಕ್ತ ಆಮ್ಲಜನಕವನ್ನು ಹೆಚ್ಚು ಹೊರುತ್ತದೆ.

ಪರ್ವತ ದಾಟಿದ ಮೇಲೆ ಅವಸರವಿಲ್ಲ. ಟಿಬೆಟಿನ ಜೌಗುಗಳಲ್ಲಿ ತಂಗುತ್ತ, ಮೇಯುತ್ತ, ಹಂತ ಹಂತವಾಗಿ ಮುಂದೆ ಸಾಗುತ್ತವೆ. ಸರೋವರ ಸೇರಿದ ಮೇಲೆ ಹೆಣ್ಣು ತನ್ನ ಎದೆಯ ಮೆತ್ತನೆಯ ಪುಕ್ಕಗಳನ್ನೇ ಗೂಡಿಗೆ ಹಾಸುತ್ತದೆ. ಕಾವು ಸುಮಾರು ಒಂದು ತಿಂಗಳು. ಮರಿ ಹಾರಲು ಇನ್ನೂ ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ಅಲ್ಲಿನ ಬೇಸಿಗೆಯೋ ತೀರಾ ಚಿಕ್ಕದು. ಮಾಗಡಿಯಲ್ಲಿ ಇನ್ನೂ ನೀರು, ಕಾಳು ಇರುವಾಗಲೇ ಅವು ಹೊರಟುಬಿಡುವುದು ಇದಕ್ಕಾಗಿ.