ಎದುರು ಕೂತು ಕೇಳುವವರು ಯಾರು?

ತುಮಕೂರಿನ ಬಟವಾಡಿಯಲ್ಲಿ ಬಿ.ಎಚ್. ರಸ್ತೆಯ ಅಂಗಡಿಗಳೊಳಗೆ ಕಣ್ಣು ಹಾಯಿಸಿದರೆ ಗೋಡೆಯ ಮೇಲೆ ಒಂದಲ್ಲ ಒಂದು ಪರವಾನಗಿ ಕಾಣುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಔಷಧ ಮಾರಾಟದ ಲೈಸೆನ್ಸು, ಕ್ಲಿನಿಕ್ಕಿನಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಆಹಾರ ಸುರಕ್ಷತೆಯ ನಂಬರು. ಆಟೊ ಓಡಿಸುವವರಿಗೂ ಡಿಎಲ್ ಬೇಕು. ಗಂಡನ ಹೊಡೆತ ತಾಳಲಾರದೆ ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಹೆಂಗಸಿನ ಎದುರು ಕೂತು ಮಾತಾಡಿಸುವ ಆಪ್ತ ಸಮಾಲೋಚಕಿಗೆ ಮಾತ್ರ ಅಂಥದ್ದೊಂದು ಲೈಸೆನ್ಸ್ ನಮ್ಮಲ್ಲಿ ಇಲ್ಲ. ಮನೆಗೆ ವಾಪಸು ಹೋಗಬೇಕೇ, ಬೇಡವೇ ಎಂಬ ತೀರ್ಮಾನದ ಹೊತ್ತಿನಲ್ಲಿ ಆಕೆಯ ಪಕ್ಕದಲ್ಲಿ ಇರುವವರು ಇವರೇ.

ಲೈಸೆನ್ಸ್ ಇಲ್ಲ ಅಂದಮಾತ್ರಕ್ಕೆ ಅರ್ಹತೆಯನ್ನು ಯಾರೂ ಕೇಳುವುದಿಲ್ಲ ಎಂದಲ್ಲ. ಅದು ಒಂದೇ ಕಡೆ ಸಿಗುವುದಿಲ್ಲ, ಅಷ್ಟೆ. ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆಯಲ್ಲಿ ಒಂದಿಷ್ಟಿದೆ, ಯೋಜನೆಗಳ ಮಾರ್ಗಸೂಚಿಯಲ್ಲಿ ಒಂದಿಷ್ಟಿದೆ, ಉಳಿದದ್ದು ನೇಮಕಾತಿ ಜಾಹೀರಾತಿನಲ್ಲಿದೆ.

ಕರ್ನಾಟಕದಲ್ಲಿ ಈ ಕೆಲಸ ಕಾಯ್ದೆಗಿಂತ ಹಳೆಯದು. ಬೆಂಗಳೂರಿನ ವಿಮೋಚನಾ ಸಂಘಟನೆ 1979ರಿಂದ ಇಂಥ ಮಹಿಳೆಯರ ಬೆನ್ನಿಗೆ ನಿಂತಿದೆ. 1999ರಲ್ಲಿ ಬೆಂಗಳೂರು ಪೊಲೀಸರ ಸಹಯೋಗದಲ್ಲಿ ವನಿತಾ ಸಹಾಯವಾಣಿ ಶುರುವಾಯಿತು. 2000-01ರಲ್ಲಿ ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಸಾಂತ್ವನ ಯೋಜನೆ ತಂದಿತು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳು ಜಿಲ್ಲೆ, ತಾಲ್ಲೂಕುಗಳಲ್ಲಿ ತಲೆಯೆತ್ತಿದವು. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸಖಿ ಒನ್ ಸ್ಟಾಪ್ ಸೆಂಟರ್ ಯೋಜನೆ ಬಂತು. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ನೆರವು, ಆಪ್ತ ಸಮಾಲೋಚನೆ, ನಾಲ್ಕೈದು ದಿನದ ತಂಗುವ ವ್ಯವಸ್ಥೆ ಎಲ್ಲವೂ ಒಂದೇ ಸೂರಿನಡಿ ಸಿಗಬೇಕೆಂಬುದು ಅದರ ಆಶಯ. ಹೆಚ್ಚು ಕಾಲ ಉಳಿಯಬೇಕಾದವರಿಗೆ ಇದ್ದ ಸ್ವಾಧಾರ ಗೃಹಗಳು 2022ರ ಮಿಷನ್ ಶಕ್ತಿ ಮಾರ್ಗಸೂಚಿಯ ನಂತರ ಶಕ್ತಿ ಸದನಗಳಾಗಿವೆ.

ಇಷ್ಟೆಲ್ಲ ಏಕೆ ಬೇಕು ಎಂದು ಕೇಳುವವರಿಗೆ ಒಂದು ಅಂಕಿ ಸಾಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಅಂಗೀಕಾರವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 14ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡ ಹೆಂಡತಿ ಇಬ್ಬರನ್ನೂ, ಇಲ್ಲವೇ ಒಬ್ಬರನ್ನು ಮಾತ್ರ, ಸಮಾಲೋಚನೆಗೆ ಕಳುಹಿಸಬಹುದು. ಸಮಾಲೋಚಕರಿಗೆ ‘ನಿಗದಿಪಡಿಸಿದ ಅರ್ಹತೆ ಮತ್ತು ಅನುಭವ’ ಇರಬೇಕು ಎನ್ನುತ್ತದೆ ಕಲಂ. ನಿಗದಿಪಡಿಸಬೇಕಾದದ್ದು ನಿಯಮಗಳು. ಆದರೆ 2006ರ ನಿಯಮಾವಳಿಯ 13ನೇ ನಿಯಮ ತೆಗೆದು ನೋಡಿದರೆ ಯಾವ ಪದವಿ, ಎಷ್ಟು ವರ್ಷದ ಅನುಭವ ಎಂಬ ಮಾತೇ ಇಲ್ಲ. ಯಾರು ಸಮಾಲೋಚಕರಾಗಬಾರದು ಎಂಬುದು ಮಾತ್ರ ಇದೆ. ವಿವಾದದಲ್ಲಿ ಆಸಕ್ತಿ ಇರುವವರು, ಎರಡೂ ಕಡೆಯ ಯಾರಿಗಾದರೂ ನೆಂಟರಾದವರು ಕೂಡದು, ಎಲ್ಲರೂ ಲಿಖಿತವಾಗಿ ಒಪ್ಪಿದ ಹೊರತು. ಗಂಡನ ಪರವಾಗಿ ವಕಾಲತ್ತು ವಹಿಸಿದ ವಕೀಲರೂ ಕೂಡದು. ಸಾಧ್ಯವಾದಷ್ಟೂ ಮಹಿಳೆಯರೇ ಇರಬೇಕು. ಹೆಸರುಗಳ ಪಟ್ಟಿಯನ್ನು ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ಕೊಡಬೇಕು, ಯಾರನ್ನು ನೇಮಿಸಲಾಗಿದೆ ಎಂಬುದನ್ನು ನೊಂದ ಮಹಿಳೆಗೆ ತಿಳಿಸಬೇಕು. ಇಷ್ಟಕ್ಕೇ ನಿಯಮ ಮುಗಿಯುತ್ತದೆ. ಇಡೀ ವ್ಯವಸ್ಥೆಯ ದೊಡ್ಡ ತೂತು ಇದು.

ತೂತಿನ ಪಕ್ಕದಲ್ಲೇ ಒಂದು ಗಟ್ಟಿ ಗೋಡೆಯೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 14ನೇ ನಿಯಮ ಸಮಾಲೋಚನೆ ಹೇಗೆ ನಡೆಯಬೇಕು ಎಂದು ಹೇಳುತ್ತದೆ. ಹೊಡೆದದ್ದಕ್ಕೆ ಗಂಡ ಕಾರಣ ಕೊಡುವಂತಿಲ್ಲ. ‘ಅವಳು ಎದುರು ಮಾತಾಡಿದ್ಲು, ಅದಕ್ಕೆ ಕೈ ಎತ್ತಿದೆ’ ಎಂಬ ಸಮರ್ಥನೆಗೆ ಅಲ್ಲಿ ಜಾಗವೇ ಇಲ್ಲ. ಮಾತುಕತೆ ಶುರುವಾಗುವ ಮುಂಚೆಯೇ ಇದನ್ನು ಅವನಿಗೆ ತಿಳಿಸಿರಬೇಕು. ಇನ್ನು ಮುಂದೆ ದೌರ್ಜನ್ಯ ಮಾಡುವುದಿಲ್ಲ ಎಂದು ಅವನು ಮುಚ್ಚಳಿಕೆ ಕೊಡಬೇಕು. ರಾಜಿಯ ಮಾತು ಬರುವುದು ನೊಂದ ಮಹಿಳೆ ಬಯಸಿದರೆ ಮಾತ್ರ. ಸಭೆ ಎಲ್ಲಿ ಎಂಬುದೂ ಆಕೆಯ ಅನುಕೂಲವನ್ನು ನೋಡಿಯೇ ತೀರ್ಮಾನವಾಗಬೇಕು.

ಊರಿನ ಜಗಲಿ ಕಟ್ಟೆಯ ಪಂಚಾಯ್ತಿಗೂ ಇದಕ್ಕೂ ಇರುವ ಅಂತರ ಇಲ್ಲೇ ಗೊತ್ತಾಗುತ್ತದೆ. ಕಟ್ಟೆಯ ಮೇಲೆ ಇಬ್ಬರ ತಪ್ಪನ್ನೂ ತೂಗುತ್ತಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತಾರೆ, ‘ಗಂಡಸ್ರು ಹಂಗೇ ಕಣವ್ವ, ಮಕ್ಕಳ ಮುಖ ನೋಡ್ಕಂಡು ಅಡ್ಜಸ್ಟ್ ಮಾಡ್ಕಂಡ್ ಹೋಗು’ ಅಂತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ತರಬೇತಿ ಇಲ್ಲದ ಸಮಾಲೋಚಕಿಯ ಬಾಯಲ್ಲಿ ಇದೇ ಮಾತು ಬಂದರೆ ಅದಕ್ಕೆ ಸರ್ಕಾರದ ಮುದ್ರೆ ಬಿದ್ದಂತಾಗುತ್ತದೆ. ಆ ಮುದ್ರೆ ಹೊತ್ತು ವಾಪಸು ಹೋದ ಹೆಂಗಸು ಎರಡನೇ ಸಲ ದೂರು ಹೇಳಲು ಬರುವುದು ಕಷ್ಟ.

ತರಬೇತಿ ಪಡೆದವರ ಕೆಲಸ ಹೇಗಿರುತ್ತದೆ ಎಂದು ತಿಳಿಯಲು ನಿಯಮಾವಳಿಗೆ ಲಗತ್ತಾಗಿರುವ ಐದನೇ ನಮೂನೆಯನ್ನು ನೋಡಬೇಕು. ಅದರ ಹೆಸರು ಸುರಕ್ಷತಾ ಯೋಜನೆ. ಗಂಡನಿಂದ ಆದ ಹಿಂಸೆ ಏನು, ಅದರ ಪರಿಣಾಮ ಏನಾಯಿತು, ಮುಂದೆ ಏನಾದೀತೆಂಬ ಭಯ ಆಕೆಗಿದೆ, ರಕ್ಷಣೆಗೆ ಏನು ಬೇಕು, ಕೋರ್ಟಿನಿಂದ ಯಾವ ಆದೇಶ ಕೇಳುತ್ತಾಳೆ ಎಂದು ಸಾಲಾಗಿ ಕಾಲಂಗಳು. ಭಯ ಮತ್ತು ರಕ್ಷಣೆಯ ಕಾಲಂಗಳನ್ನು ಅಧಿಕಾರಿಯೋ ಸೇವಾ ಸಂಸ್ಥೆಯವರೋ ತುಂಬುವುದಾದರೆ ಆಕೆಯೊಂದಿಗೆ ಮಾತಾಡಿ, ಆಕೆಯ ಒಪ್ಪಿಗೆ ಪಡೆದೇ ತುಂಬಬೇಕು. ‘ನಿಮಗೇನು ಭಯ?’ ಎಂದು ಕೇಳಿದ ಕೂಡಲೇ ಯಾರೂ ಹೇಳಿಬಿಡುವುದಿಲ್ಲ. ಮಗುವನ್ನು ಸ್ಕೂಲಿನಿಂದ ಎತ್ತಿಕೊಂಡು ಹೋಗಿಬಿಡುತ್ತಾನೆ, ತಂಗಿಯ ಮದುವೆ ನಿಲ್ಲಿಸುತ್ತಾನೆ, ಆಧಾರ್ ಕಾರ್ಡು ಅವನ ಹತ್ತಿರವೇ ಇದೆ ಎಂಬಂಥ ಭಯಗಳು ಒಂದೊಂದಾಗಿ ಹೊರಬರಲು ಗಂಟೆಗಳು ಬೇಕು, ಕೆಲವೊಮ್ಮೆ ದಿನಗಳು. ಸುಮ್ಮನೆ ಕೂತು ಕೇಳುವುದನ್ನೂ, ಯಾವಾಗ ಯಾವ ಪ್ರಶ್ನೆ ಕೇಳಬಾರದು ಎಂಬುದನ್ನೂ ಕಲಿಯಬೇಕಾಗುತ್ತದೆ.

ಆಶ್ರಯ ಗೃಹಗಳಿಗೂ ಇಂಥದ್ದೇ ಕಟ್ಟುಪಾಡುಗಳಿವೆ. ಕೌಟುಂಬಿಕ ಘಟನಾ ವರದಿ ಇನ್ನೂ ಆಗಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಬಾಗಿಲಿಂದ ವಾಪಸು ಕಳುಹಿಸುವಂತಿಲ್ಲ. ಆಕೆ ಬೇಡ ಅಂದರೆ ಅಲ್ಲಿದ್ದಾಳೆಂಬುದನ್ನು ಗಂಡನ ಕಡೆಯವರಿಗೆ ತಿಳಿಸುವಂತಿಲ್ಲ. ಸೇವಾ ಸಂಸ್ಥೆಯಾಗಿ ನೋಂದಾಯಿಸಿಕೊಳ್ಳಲು ಆ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. ಆಶ್ರಯ ಗೃಹವಾದರೆ ಅಧಿಕಾರಿ ಖುದ್ದು ಬಂದು, ಎಷ್ಟು ಮಂದಿಗೆ ಜಾಗವಿದೆ, ಹೆಂಗಸರಿಗೆ ಭದ್ರತೆ ಇದೆಯೇ, ಫೋನು ಕೆಲಸ ಮಾಡುತ್ತದೆಯೇ ಎಂದು ನೋಡಿ ವರದಿ ಬರೆಯಬೇಕು. ಅಂದರೆ ಕಟ್ಟಡಕ್ಕೆ, ಸಂಸ್ಥೆಗೆ ತಪಾಸಣೆ ಇದೆ. ಕುರ್ಚಿಯಲ್ಲಿ ಕೂತವರಿಗೆ ಇಲ್ಲ.

ಆ ಕೊರತೆಯನ್ನು ಈಗ ತುಂಬುತ್ತಿರುವುದು ಯೋಜನೆಗಳ ಮಾರ್ಗಸೂಚಿ. ಸಖಿ ಕೇಂದ್ರದ ಸಮಾಲೋಚಕಿ ಮನಶ್ಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಪದವಿ ಇಲ್ಲವೇ ಡಿಪ್ಲೊಮಾ ಪಡೆದು, ಮೂರು ವರ್ಷ ಕೆಲಸ ಮಾಡಿದವರಾಗಿರಬೇಕು. ಸಮಾಜಕಾರ್ಯ ಓದಿದವರೂ ಈ ಕ್ಷೇತ್ರದಲ್ಲಿ ಬಹಳ ಮಂದಿ ಇದ್ದಾರೆ. ತುಮಕೂರು ವಿಶ್ವವಿದ್ಯಾಲಯದಲ್ಲೂ ಎಂಎಸ್‌ಡಬ್ಲ್ಯೂ ಇದೆ. ಹುದ್ದೆಗಳು ಬಹುಪಾಲು ಗುತ್ತಿಗೆಯವು, ಗೌರವಧನದವು. ಆದ್ದರಿಂದ ಅನುಭವ ಕೈಗೂಡುವ ಹೊತ್ತಿಗೆ ಕೆಲಸ ಬಿಟ್ಟು ಹೋಗುವವರ ಮೇಲೆ ತಪ್ಪು ಹೊರಿಸುವಂತಿಲ್ಲ.

ನೋಂದಣಿ ಇಲ್ಲದೆ ಮಾಡಬಾರದ ವೃತ್ತಿಗಳು ಹತ್ತಿರದಲ್ಲೇ ಇವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಬೇಕಾದರೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರಿರಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು. 2021ರ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ವರ್ತನಾ ಆರೋಗ್ಯ ಸಮಾಲೋಚಕರನ್ನೂ ಸೇರಿಸಿದೆ. ರಾಜ್ಯ ರಿಜಿಸ್ಟರಿನಲ್ಲಿ ಹೆಸರು, ಏಕರೂಪದ ಪಠ್ಯಕ್ರಮ ಅದರ ಗುರಿ. ಇದು ಆಶ್ರಯ ಗೃಹದ ಕೋಣೆಯವರೆಗೂ ತಲುಪಿದರೆ ಲೈಸೆನ್ಸ್ ಎಂಬ ಮಾತಿಗೆ ನಮ್ಮಲ್ಲೂ ಅರ್ಥ ಬರುತ್ತದೆ.

ಅಮೆರಿಕದಲ್ಲಿ ಸಮಾಲೋಚಕರಿಗೆ ಲೈಸೆನ್ಸ್ ಕಾನೂನು ಮೊದಲು ಬಂದದ್ದು ವರ್ಜೀನಿಯಾದಲ್ಲಿ, 1976ರಲ್ಲಿ. ಸ್ನಾತಕೋತ್ತರ ಪದವಿ, ಪರೀಕ್ಷೆ, ಹಿರಿಯರ ಉಸ್ತುವಾರಿಯಲ್ಲಿ ಸಾವಿರಾರು ಗಂಟೆ ಕೆಲಸ ಎಲ್ಲವೂ ಬೇಕು. ಆದರೆ ಆಶ್ರಯ ಗೃಹಗಳ ವಿಷಯದಲ್ಲಿ ಅವರು ಹಿಡಿದ ದಾರಿಯೇ ಬೇರೆ. ಕ್ಯಾಲಿಫೋರ್ನಿಯಾದ ಕಾನೂನು ಕೌಟುಂಬಿಕ ಹಿಂಸೆಯ ಸಮಾಲೋಚಕರಿಗೆ 40 ಗಂಟೆಯ ತರಬೇತಿ ಪಡೆದು ಬರುವ ದಾರಿಯನ್ನೂ ತೆರೆದಿಟ್ಟಿದೆ. ಹಿಂಸೆಯ ಇತಿಹಾಸ, ಕಾನೂನು, ಸಮಾಜದ ಧೋರಣೆ, ಮಾತಾಡಿಸುವ ಕ್ರಮ, ಮನೆ ಮತ್ತು ಹಣಕಾಸಿನ ನೆರವು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಆ ತರಬೇತಿಯಲ್ಲಿ ಸೇರಬೇಕು. ಹಾಗೆ ಅರ್ಹರಾದವರೊಡನೆ ಮಹಿಳೆ ಹಂಚಿಕೊಂಡ ಗುಟ್ಟಿಗೆ ಕೋರ್ಟಿನಲ್ಲೂ ರಕ್ಷಣೆ ಉಂಟು. ಅದೇ ರಾಜ್ಯದಲ್ಲಿ ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ 1991ರಲ್ಲಿ ಹುಟ್ಟಿದ ‘ಮೈತ್ರಿ’ ಸಂಸ್ಥೆ, ವೀಸಾದ ಹೆದರಿಕೆಯಲ್ಲಿ ಬದುಕುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಒಂದು ಆಸರೆ.

ತುಮಕೂರಿನಂಥ ಜಿಲ್ಲೆಗೆ ತರಬೇತಿಯ ಈ ಎರಡನೇ ದಾರಿಯೇ ಹೆಚ್ಚು ಹೊಂದುತ್ತದೆ. ದೊಡ್ಡ ಪದವಿಯನ್ನೇ ಕಡ್ಡಾಯ ಮಾಡಿದರೆ ತಾಲ್ಲೂಕು ಮಟ್ಟದಲ್ಲಿ ಕುರ್ಚಿ ಖಾಲಿ ಬೀಳುತ್ತದೆ. ವರ್ಷಗಟ್ಟಲೆ ಈ ಕೆಲಸದಲ್ಲೇ ಪಳಗಿದ ಹೆಂಗಸರು ಹೊರಗುಳಿಯುತ್ತಾರೆ. ಏನೂ ಕೇಳದೆ ಬಿಟ್ಟರೆ ಕಟ್ಟೆ ಪಂಚಾಯ್ತಿ ಒಳಗೆ ಬಂದು ಕೂರುತ್ತದೆ. ಕಡ್ಡಾಯ ತರಬೇತಿ, ಪ್ರಮಾಣಪತ್ರ, ನುರಿತವರ ಉಸ್ತುವಾರಿ ಈ ಮೂರೂ ಸೇರಿದ ಒಂದು ವ್ಯವಸ್ಥೆಗೆ ಬೇಕಾದ ಸಂಪನ್ಮೂಲ ದೂರವೇನಿಲ್ಲ. ಒನ್ ಸ್ಟಾಪ್ ಸೆಂಟರ್ ಸಿಬ್ಬಂದಿಗಾಗಿ ಕೇಂದ್ರ ಸರ್ಕಾರ 2022ರ ಮಾರ್ಚ್‌ನಲ್ಲಿ ‘ಸ್ತ್ರೀ ಮನೋರಕ್ಷಾ’ ತರಬೇತಿ ಆರಂಭಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ಮೂಲಕವೇ. ಅದು ಸಖಿಗೆ ಮಾತ್ರ ನಿಲ್ಲದೆ ಸಾಂತ್ವನ ಕೇಂದ್ರ, ಶಕ್ತಿ ಸದನಗಳಿಗೂ ನಿಯಮದ ರೂಪದಲ್ಲಿ ಬರಬೇಕು.

ಸಂರಕ್ಷಣಾಧಿಕಾರಿಗಳನ್ನು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಗುರುತಿಸಿ ನೇಮಿಸುವಂತೆ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 2025ರ ಮೇ ತಿಂಗಳಲ್ಲಿ ಎಲ್ಲ ರಾಜ್ಯಗಳಿಗೂ ಆದೇಶ ಕೊಟ್ಟಿದೆ. ಕರ್ನಾಟಕದ ತಾಲ್ಲೂಕುಗಳಲ್ಲಿ ಆ ಜವಾಬ್ದಾರಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು (ಸಿಡಿಪಿಒ). ಗುಬ್ಬಿ, ಕುಣಿಗಲ್ ಕಡೆಯ ಮಹಿಳೆ ಮೊದಲು ಆ ಕಚೇರಿಗೇ ಹೋಗಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ತುರ್ತಾದರೆ 112ಕ್ಕೆ. ಕೋರ್ಟು ಸಮಾಲೋಚನೆಗೆ ಕಳುಹಿಸಿದರೆ ಮುಂದಿನ ದಿನಾಂಕ ಎರಡು ತಿಂಗಳು ಮೀರುವಂತಿಲ್ಲ. ಸಮಾಲೋಚಕರು ಯಾರು, ಅವರಿಗೂ ಗಂಡನ ಕಡೆಯವರಿಗೂ ಏನಾದರೂ ನೆಂಟಸ್ತಿಕೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಲು, ಇದ್ದರೆ ಆಕ್ಷೇಪ ಎತ್ತಲು ಆಕೆಗೆ ಹಕ್ಕಿದೆ.